ಪೂರ್ವ ಕಡಲಿನಿಂದ ಎರೆಭೂಮಿಗೆ: ಯಾದಗಿರಿ ಸೀಮೆಯಲ್ಲಿ ಮಳೆ ಮುನ್ಸೂಚನೆಯ ಚರಿತ್ರೆ

ಭೀಮಾ ನದಿಯು ಕೃಷ್ಣೆಯನ್ನು ಸೇರುವ ಮುನ್ನ ಹಾದುಹೋಗುವ ಎರೆಭೂಮಿಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ನೆಲೆಸಿದ್ದು, ಇಲ್ಲಿನ ಮಳೆಯ ಸ್ವಭಾವವನ್ನು ತಿಳಿಯಬೇಕಾದರೆ ಪಶ್ಚಿಮದ ಅರಬ್ಬೀ ಸಮುದ್ರಕ್ಕಿಂತ ಪೂರ್ವದ ಬಂಗಾಳ ಕೊಲ್ಲಿಯತ್ತ ನೋಡುವುದು ಹೆಚ್ಚು ಉಪಯುಕ್ತ. ನೈಋತ್ಯ ಮುಂಗಾರಿನ ಗಾಳಿಯು ತನ್ನ ತೇವದ ಬಹುಭಾಗವನ್ನು ಸಹ್ಯಾದ್ರಿಯ ಪಶ್ಚಿಮ ಇಳಿಜಾರಿನಲ್ಲಿಯೇ ಸುರಿಸಿ ಬರುವುದರಿಂದ, ಪರ್ವತದ ಮಳೆನೆರಳಿನಲ್ಲಿ ಸಿಲುಕಿರುವ ಈ ಬಯಲಿಗೆ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಸಿಗುವುದು ಬಿಟ್ಟು ಬಿಟ್ಟು ಬರುವ ಸಾಧಾರಣ ಮಳೆ ಮಾತ್ರ. ನೆರೆಯ ಕಲಬುರಗಿ ಮತ್ತು ರಾಯಚೂರುಗಳ ದೀರ್ಘಕಾಲದ ಸರಾಸರಿಯನ್ನು ನೋಡಿದರೆ ವರ್ಷದ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್ ಆಗಿರುವುದು ಕಾಣುತ್ತದೆ. ಆ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಆಂಧ್ರದ ಕರಾವಳಿಯನ್ನು ದಾಟಿ ಪಶ್ಚಿಮಕ್ಕೆ ಸರಿಯತೊಡಗುತ್ತವೆ. ಭೂಪಟದಲ್ಲಿ ಕಾಕಿನಾಡ ಮತ್ತು ಯಾದಗಿರಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ನಡುವಿನ ನೇರ ದೂರ ಸುಮಾರು 540 ಕಿ.ಮೀ. ಕೃಷ್ಣೆಯ ನೀರು ಪೂರ್ವಕ್ಕೆ ಹರಿದು ಮಚಲಿಪಟ್ಟಣದ ಬಳಿ ಕಡಲು ಸೇರುತ್ತದೆ, ಕಡಲಿನ ಮಳೆ ಅದೇ ನದಿಯ ಜಾಡಿನಲ್ಲಿ ಪಶ್ಚಿಮಕ್ಕೆ ಏರಿ ಬರುತ್ತದೆ. ಈ ಸೀಮೆಯ ಮಳೆ ಮುನ್ಸೂಚನೆಯ ಚರಿತ್ರೆಯೆಂದರೆ, ಆ 540 ಕಿ.ಮೀ. ಆಚೆಗೆ ನಡೆಯುವುದನ್ನು ಇಲ್ಲಿಂದ ಕಾಣಲು ನಡೆದ ಪ್ರಯತ್ನದ ಚರಿತ್ರೆ.

ಸುತ್ತಲಿನ ವಾತಾವರಣಕ್ಕಿಂತ ಗಾಳಿಯ ಒತ್ತಡ ತಗ್ಗಿದ ವಲಯದ ಕಡೆಗೆ ನಾಲ್ಕೂ ದಿಕ್ಕಿನ ಗಾಳಿ ನುಗ್ಗುತ್ತದೆ, ಭೂಮಿಯ ತಿರುಗುವಿಕೆಯಿಂದಾಗಿ ಉತ್ತರಾರ್ಧಗೋಳದಲ್ಲಿ ಅಪ್ರದಕ್ಷಿಣವಾಗಿ ಸುತ್ತುತ್ತದೆ, ಮೇಲೇರಿ ತಣಿದು ಮೋಡವಾಗುತ್ತದೆ. ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖವು ಗಾಳಿಯನ್ನು ಮತ್ತಷ್ಟು ಮೇಲೆತ್ತಿ ಒತ್ತಡವನ್ನು ಇನ್ನೂ ತಗ್ಗಿಸುವುದರಿಂದ ಬೆಚ್ಚಗಿನ ಕಡಲಿನ ಮೇಲೆ ಈ ಕ್ರಿಯೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಭಾರತ ಹವಾಮಾನ ಇಲಾಖೆಯು ಇಂತಹ ವ್ಯವಸ್ಥೆಗಳನ್ನು ಗಾಳಿಯ ವೇಗಕ್ಕೆ ತಕ್ಕಂತೆ ವಿಂಗಡಿಸುತ್ತದೆ: ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ವೇಗವಿದ್ದರೆ ಅದು ಕಡಿಮೆ ಒತ್ತಡದ ಪ್ರದೇಶ, ಅದನ್ನು ಮೀರಿದರೆ ವಾಯುಭಾರ ಕುಸಿತ, 50 ಕಿ.ಮೀ. ಮುಟ್ಟಿದರೆ ತೀವ್ರ ವಾಯುಭಾರ ಕುಸಿತ, 62 ಕಿ.ಮೀ. ದಾಟಿದರೆ ಚಂಡಮಾರುತ. ಕರಾವಳಿಯ ಜನರಿಗೆ ಈ ವರ್ಗೀಕರಣ ಜೀವನ್ಮರಣದ ವಿಷಯವಾದರೂ ಒಳನಾಡಿಗೆ ಅದರಿಂದ ಸಿಗುವ ತಿಳಿವಳಿಕೆ ಅಷ್ಟಕ್ಕಷ್ಟೆ, ಏಕೆಂದರೆ ಗಾಳಿಯ ಬಲ ಕಳೆದುಕೊಂಡು ಕೆಳಗಿನ ವರ್ಗಕ್ಕೆ ಇಳಿದ ವ್ಯವಸ್ಥೆಯೂ ನೆಲದ ಮೇಲೆ ನಿಧಾನವಾಗಿ ಸರಿದರೆ ದಿನಗಟ್ಟಲೆ ಜಡಿಮಳೆ ಸುರಿಸಬಲ್ಲದು.

ಯಂತ್ರಗಳಾವುವೂ ಇಲ್ಲದ ಕಾಲದಲ್ಲಿ ಈ ಸೀಮೆಯ ಒಕ್ಕಲಿಗರು ಮಳೆಯನ್ನು ಅಳೆದದ್ದು ನಕ್ಷತ್ರಗಳಿಂದ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕದ ಮೇಲೆ ರೋಹಿಣಿ, ಮಿರಗ, ಆರಿದ್ರ, ಪುಷ್ಯ, ಮಘೆ, ಹುಬ್ಬೆ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಮಳೆಗಳನ್ನು ಹೆಸರಿಸಿ, ಯಾವ ಮಳೆಗೆ ಯಾವ ಬೆಳೆಯ ಕೂರಿಗೆ ಹೂಡಬೇಕೆಂಬುದನ್ನು ಗೊತ್ತುಮಾಡಿಕೊಂಡಿದ್ದ ಈ ಪಂಚಾಂಗವು ನೂರಾರು ವರ್ಷಗಳ ಗಮನಿಕೆಯ ಫಲ. ಸೂರ್ಯನ ಚಲನೆಯನ್ನು ಅನುಸರಿಸುವ ಕಾರಣ ಚಾಂದ್ರಮಾನದ ತಿಂಗಳುಗಳಂತೆ ಅದು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವುದಿಲ್ಲ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರಿ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಆಸುಪಾಸಿಗೆ ಚಿತ್ತಿ ಹೂಡುತ್ತದೆ. ಹಿಂಗಾರಿ ಬಿಳಿಜೋಳವು ಬಿತ್ತನೆಯ ಬಳಿಕ ಬೀಳುವ ಮಳೆಗಿಂತ ಎರೆಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಬೆಳೆಯುವ ಪೈರು. ಆ ತೇವವನ್ನು ನೆಲಕ್ಕೆ ತುಂಬುವುದು ಹುಬ್ಬೆಯಿಂದ ಹಸ್ತದವರೆಗಿನ ಮಳೆ, ಅಂದರೆ ಬಹುಮಟ್ಟಿಗೆ ಬಂಗಾಳ ಕೊಲ್ಲಿಯ ಮಳೆ. ಕಡಲನ್ನು ಎಂದೂ ಕಾಣದ ಒಕ್ಕಲುತನವು ಕಡಲಿನ ವೇಳಾಪಟ್ಟಿಯನ್ನು ಇಷ್ಟು ಖಚಿತವಾಗಿ ಗುರುತಿಸಿಟ್ಟುಕೊಂಡದ್ದು ಸಣ್ಣ ಸಾಧನೆಯಲ್ಲ. ಇದನ್ನು ಮೂಢನಂಬಿಕೆಯ ಸಾಲಿಗೆ ಸೇರಿಸುವುದು ತಪ್ಪು. ಇಂದು ಹವಾಗುಣಶಾಸ್ತ್ರ ಎಂದು ಕರೆಯುವ, ದೀರ್ಘಕಾಲದ ಸರಾಸರಿಯನ್ನು ಕುರಿತ ವಿದ್ಯೆಯನ್ನೇ ಅದು ಬಾಯಿಂದ ಬಾಯಿಗೆ ಸಾಗಿಸಿತು.

ಆದರೆ ಸರಾಸರಿಯು ಋತುವನ್ನು ಹೇಳುತ್ತದೆಯೇ ಹೊರತು ದಿನವನ್ನು ಹೇಳಲಾರದು. ಆ ಕೊರತೆಯನ್ನು ತುಂಬಲು ಯುಗಾದಿಯ ಪಂಚಾಂಗ ಶ್ರವಣವಿತ್ತು. ಕಾರಹುಣ್ಣಿಮೆಯ ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಕೆಂದೆತ್ತು ಮುಂದಾದರೆ ಮುಂಗಾರಿ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ ಚೆನ್ನಾಗಿ ಬರುವುದೆಂದು ಎಣಿಸುವ ವಾಡಿಕೆಯಿತ್ತು. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನವನ್ನು ಕೇಳುವ ಸಂಪ್ರದಾಯ ಸುರಪುರ ಸೀಮೆಯಲ್ಲಿಯೇ ಬೆಳೆಯಿತು. ಬರವನ್ನು ಮೇಲಿಂದ ಮೇಲೆ ಕಂಡ ನಾಡು ಮುಂದಿನದನ್ನು ತಿಳಿಯಲು ಎಷ್ಟು ಹಂಬಲಿಸಿತ್ತು ಎಂಬುದಕ್ಕೆ ಇವು ಸಾಕ್ಷಿ. ಮುನ್ಸೂಚನೆಯಿಲ್ಲದ ಮಳೆಯನ್ನು ಎದುರಿಸಲು ಅರಸರು ಕಂಡುಕೊಂಡ ದಾರಿ ಕೆರೆಯದು. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು, 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ಉತ್ತಮಪಡಿಸಿದನೆಂದು ಹೇಳಲಾಗುತ್ತದೆ. ಬಂದಾಗ ಹಿಡಿದಿಟ್ಟುಕೊಳ್ಳುವುದು ಆ ಕಾಲದ ನೀತಿಯಾಗಿತ್ತು. ಬರುವುದನ್ನು ಮೊದಲೇ ತಿಳಿಯುವ ಸಾಧನ ಆಗ ಹೊರಜಗತ್ತಿನಲ್ಲಿಯೂ ಇನ್ನೂ ರೂಪುಗೊಳ್ಳುತ್ತಿತ್ತು.

ಆ ಸಾಧನ ತಂತಿ. ಮಳೆಯ ವ್ಯವಸ್ಥೆಯೊಂದು ಗಂಟೆಗೆ ಹದಿನೈದು ಇಪ್ಪತ್ತು ಕಿ.ಮೀ. ವೇಗದಲ್ಲಿ ಸಾಗುವಾಗ ಅದಕ್ಕಿಂತ ವೇಗವಾಗಿ ಸುದ್ದಿ ಸಾಗದ ಹೊರತು ಮುನ್ಸೂಚನೆ ಸಾಧ್ಯವಿಲ್ಲ. ಕುದುರೆಯ ಅಂಚೆಗೆ ಎಟುಕದ ಈ ಕೆಲಸವನ್ನು ವಿದ್ಯುತ್ ತಂತಿ ಮಾಡಿತು. 1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಯನ್ನೂ ನವೆಂಬರ್‌ನಲ್ಲಿ ಮಚಲಿಪಟ್ಟಣವನ್ನೂ ಚಂಡಮಾರುತಗಳು ನೆಲಸಮ ಮಾಡಿದ ಮರುವರ್ಷ ಕಲ್ಕತ್ತೆಯ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ನೀಡುವ ವ್ಯವಸ್ಥೆ ಆರಂಭವಾಯಿತು. 1866 ಮತ್ತು 1871ರ ಬರಗಳು ಸರ್ಕಾರವನ್ನು ಮತ್ತೆ ಎಚ್ಚರಿಸಿ, 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಗಿ ಹೆನ್ರಿ ಬ್ಲಾನ್‌ಫರ್ಡ್ ಅದರ ಹೊಣೆ ಹೊತ್ತನು. ಮರುವರ್ಷವೇ ದಖ್ಖನ್ನಿನಲ್ಲಿ ಮುಂಗಾರು ಕೈಕೊಟ್ಟು 1876ರಿಂದ 1878ರವರೆಗಿನ ಮಹಾಕ್ಷಾಮ ಎರಗಿತು. ದೈನಂದಿನ ಹವಾ ವರದಿ 1878ರಲ್ಲಿ, ಋತುವಿನ ಒಟ್ಟು ಮಳೆಯನ್ನು ಕುರಿತ ಮುನ್ಸೂಚನೆ 1886ರಲ್ಲಿ ಮೊದಲಾದವು. 1871ರಲ್ಲಿ ಬೊಂಬಾಯಿ ಮತ್ತು ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದಾಗ ಆ ಹಳಿಯೊಂದಿಗೆ ತಂತಿಯೂ ಯಾದಗಿರಿಗೆ ಬಂದಿತು; 1860ರಲ್ಲಿ ನಿಜಾಮನ ಆಡಳಿತಕ್ಕೆ ಸೇರಿದ್ದ ಸುರಪುರವಾಗಲಿ ಅದರ ನೆರೆಯ ಶಹಾಪುರವಾಗಲಿ ಆ ಹಳಿಯ ಮೇಲಿರಲಿಲ್ಲ.

ಬ್ಲಾನ್‌ಫರ್ಡ್ ಮತ್ತು ಅವನ ಬಳಿಕ ಬಂದ ಜಾನ್ ಎಲಿಯಟ್ ರೂಢಿಸಿದ ವಿಧಾನವು ತತ್ತ್ವದಲ್ಲಿ ಸರಳ. ಹಲವು ಊರುಗಳ ಒತ್ತಡಮಾಪಕಗಳು ಒಂದೇ ಹೊತ್ತಿನಲ್ಲಿ ತೋರಿಸಿದ ಅಂಕಿಗಳನ್ನು ತಂತಿಯಲ್ಲಿ ತರಿಸಿ ಭೂಪಟದ ಮೇಲೆ ಗುರುತಿಸುವುದು, ಸಮಾನ ಒತ್ತಡದ ಸ್ಥಳಗಳನ್ನು ಗೆರೆಗಳಿಂದ ಕೂಡಿಸುವುದು, ಆ ಗೆರೆಗಳು ಸುತ್ತು ಹಾಕಿಕೊಂಡ ಜಾಗವೇ ಕುಸಿತದ ಕೇಂದ್ರವೆಂದು ತಿಳಿದು, ನಿನ್ನೆ ಮತ್ತು ಇಂದಿನ ನಡುವೆ ಅದು ಸರಿದ ದಿಕ್ಕನ್ನು ನಾಳೆಗೂ ಮುಂದುವರಿಸುವುದು. ಇದರ ದೊಡ್ಡ ಕೊರತೆ ಕಡಲಿನದಾಗಿತ್ತು. ಹಡಗುಗಳಲ್ಲಿ ಒತ್ತಡಮಾಪಕವಿದ್ದರೂ ಇಪ್ಪತ್ತನೆಯ ಶತಮಾನದಲ್ಲಿ ನಿಸ್ತಂತು ಬರುವವರೆಗೆ ಆ ಅಂಕಿಗಳು ಹಡಗಿನೊಂದಿಗೇ ಬಂದರು ತಲುಪಬೇಕಾಗಿತ್ತು. ಅಷ್ಟರಲ್ಲಿ ಕುಸಿತವು ಕರಾವಳಿ ದಾಟಿ ಹೈದರಾಬಾದಿನ ಬಯಲಿಗೆ ಬಂದಿರುತ್ತಿತ್ತು. ಆದರೂ ಆ ಕಾಲದ ದಾಖಲೆಗಳು ವ್ಯರ್ಥವಾಗಲಿಲ್ಲ. ಇಲಾಖೆಯು 1964ರಲ್ಲಿ ಪ್ರಕಟಿಸಿದ ಬಿರುಗಾಳಿ ಪಥಗಳ ಭೂಪಟಸಂಪುಟದಲ್ಲಿ 1877ರಿಂದ ಮುಂದಿನ ಕುಸಿತಗಳ ಹಾದಿಗಳು ಒಟ್ಟುಗೂಡಿದವು. ಮುಂಗಾರಿನ ನಡುವಿನ ಕುಸಿತಗಳು ಒಡಿಶಾದ ಕಡೆಯಿಂದ ಮಧ್ಯಭಾರತಕ್ಕೆ ಹೋಗುತ್ತವೆ, ಮುಂಗಾರು ಹಿಂದೆಗೆಯುವ ವೇಳೆಗೆ ಅವುಗಳ ಹಾದಿ ದಕ್ಷಿಣಕ್ಕೆ ಇಳಿದು ಆಂಧ್ರದ ಕರಾವಳಿಗೆ ಬರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಯಾದಗಿರಿಗೆ ಏಕೆ ಮುಖ್ಯವಾದವು ಎಂಬುದಕ್ಕೆ ನಕ್ಷತ್ರಗಳ ಪಂಚಾಂಗ ಕೊಡದಿದ್ದ ಕಾರಣ ಈ ಹಾದಿಗಳಲ್ಲಿ ಸಿಕ್ಕಿತು.

ರೈತರಿಗಾಗಿಯೇ ಸಿದ್ಧಪಡಿಸಿದ ಹವಾ ವಾರ್ತೆ 1945ರಿಂದ ಆಕಾಶವಾಣಿಯಲ್ಲಿ ಪ್ರಸಾರವಾಗತೊಡಗಿತು. ತಂತಿಯ ಸುದ್ದಿ ಕಚೇರಿಯ ಬಾಗಿಲವರೆಗೆ ಮಾತ್ರ ಬರುತ್ತಿದ್ದ ಕಡೆ ರೇಡಿಯೊ ಅದನ್ನು ಊರ ಚಾವಡಿಗೆ ತಂದಿತಾದರೂ, ವಾರ್ತೆಯ ಒಳಗಿನ ತಿಳಿವಳಿಕೆ ಇನ್ನೂ ಭೂಪಟದ ಮೇಲಿನ ಕೈಬರಹದ ಗೆರೆಗಳದ್ದೇ ಆಗಿತ್ತು. ಕಡಲಿನ ಮೇಲಿನ ಕುರುಡುತನ ಕಳೆದದ್ದು ಉಪಗ್ರಹದಿಂದ. 1960ರ ಏಪ್ರಿಲ್ 1ರಂದು ಅಮೆರಿಕ ಹಾರಿಸಿದ ಟೈರೋಸ್-1 ಮೋಡಗಳ ಚಿತ್ರವನ್ನು ಮೇಲಿನಿಂದ ತೆಗೆದು ಕಳುಹಿಸಿತು. 1960ರ ದಶಕದ ಮಧ್ಯಭಾಗದಿಂದ ಮುಂಬೈಯಲ್ಲಿ ಇಂತಹ ಚಿತ್ರಗಳನ್ನು ನೇರವಾಗಿ ಪಡೆಯುವ ವ್ಯವಸ್ಥೆಯಾಯಿತು. ಆದರೆ ಧ್ರುವದಿಂದ ಧ್ರುವಕ್ಕೆ ಸುತ್ತುವ ಆ ಉಪಗ್ರಹಗಳು ಒಂದೇ ಜಾಗದ ಮೇಲೆ ದಿನಕ್ಕೆ ಒಂದೆರಡು ಬಾರಿಯಷ್ಟೇ ಹಾಯುತ್ತಿದ್ದವು. 1983ರ ಆಗಸ್ಟ್ 30ರಂದು ಉಡಾವಣೆಗೊಂಡ ಇನ್ಸಾಟ್-1ಬಿ ಈ ಮಿತಿಯನ್ನು ದಾಟಿತು. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ತಿರುಗುವಿಕೆಯ ವೇಗದಲ್ಲಿಯೇ ಸುತ್ತುವ, ಹಾಗಾಗಿ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹವದು. ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಕಕ್ಷೆಯಲ್ಲಿ ನಿಯಂತ್ರಿಸುವ ಕೇಂದ್ರ ಕರ್ನಾಟಕದ ಹಾಸನದಲ್ಲಿದೆ. 2002ರ ಕಲ್ಪನಾ-1, 2013ರ ಇನ್ಸಾಟ್-3ಡಿ, 2016ರ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಆ ಇನ್ಸಾಟ್-1ಬಿಯ ಕೆಲಸವನ್ನು ಮುಂದುವರಿಸಿದವು.

ಉಪಗ್ರಹಚಿತ್ರವನ್ನು ನೋಡುವುದು ಸುಲಭ, ಓದುವುದು ವಿದ್ಯೆ. ಕಣ್ಣಿಗೆ ಕಾಣುವ ಬೆಳಕಿನ ಚಿತ್ರ ಹಗಲಿಗೆ ಮೀಸಲು. ಅವಕೆಂಪು ಚಿತ್ರವು ಮೋಡದ ತುದಿಯ ಶಾಖವನ್ನು ಅಳೆಯುವುದರಿಂದ ರಾತ್ರಿಯೂ ದೊರೆಯುತ್ತದೆ, ತುದಿ ಎಷ್ಟು ತಣ್ಣಗಿದೆಯೋ ಮೋಡ ಅಷ್ಟು ಎತ್ತರಕ್ಕೆ ಬೆಳೆದಿದೆಯೆಂದು ಅದು ತಿಳಿಸುತ್ತದೆ. ಮೂರನೆಯ ಬಗೆಯ ಚಿತ್ರವು ಮೋಡವಿಲ್ಲದ ಕಡೆಯಲ್ಲಿಯೂ ವಾತಾವರಣದ ಮೇಲ್ಪದರದ ಆವಿಯ ಹರಿವನ್ನು ತೋರಿಸುತ್ತದೆ. 1970ರ ದಶಕದಲ್ಲಿ ಅಮೆರಿಕದ ವರ್ನನ್ ಡ್ವೊರಾಕ್ ರೂಪಿಸಿದ ಪದ್ಧತಿಯಲ್ಲಿ ಮೋಡಗಳ ಸುರುಳಿ ಎಷ್ಟು ಬಿಗಿಯಾಗಿದೆ, ಸುತ್ತುವಿಕೆಯ ಕೇಂದ್ರಕ್ಕೆ ದಟ್ಟಮೋಡ ಎಷ್ಟು ಸಮೀಪವಿದೆ ಎಂಬುದನ್ನು ನೋಡಿ ಒಂದು ಅಂಕ ನೀಡಲಾಗುತ್ತದೆ. ಭಾರತದ ರೂಢಿಯಲ್ಲಿ 1.5 ಬಂದರೆ ವಾಯುಭಾರ ಕುಸಿತ, 2.0 ಬಂದರೆ ತೀವ್ರ ಕುಸಿತ, 2.5 ಬಂದರೆ ಚಂಡಮಾರುತ. ಹಡಗೊಂದೂ ಸುಳಿಯದ ಕಡಲಿನ ನಡುವೆ ಗಾಳಿಯ ವೇಗವನ್ನು ಚಿತ್ರದಿಂದಲೇ ಅಂದಾಜು ಮಾಡುವುದು ಇದರಿಂದ ಸಾಧ್ಯವಾಯಿತು. ಆದರೆ ಈ ಪದ್ಧತಿ ಕಡಲಿಗಾಗಿ ಹುಟ್ಟಿದ್ದು. ವ್ಯವಸ್ಥೆಯು ನೆಲದ ಮೇಲೆ ಬಂದೊಡನೆ ಅದರ ಅಂಕಗಳು ಅರ್ಥ ಕಳೆದುಕೊಳ್ಳುತ್ತವೆ. ಯಾದಗಿರಿಯ ಮಟ್ಟಿಗೆ ನಿಜವಾದ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ: ಕರಾವಳಿ ದಾಟಿದ ಕುಸಿತವು ತೆಲಂಗಾಣದಲ್ಲಿಯೇ ಕರಗುವುದೇ, ಉತ್ತರಕ್ಕೆ ತಿರುಗುವುದೇ, ನೇರವಾಗಿ ಪಶ್ಚಿಮಕ್ಕೆ ಬರುವುದೇ?

ಆ ಪ್ರಶ್ನೆಗೆ ಉತ್ತರಿಸಲು ಯತ್ನಿಸುವುದು ಗಣಿತದ ಮಾದರಿ. ವಾತಾವರಣವನ್ನು ಸಾವಿರಾರು ಚೌಕಗಳಾಗಿಯೂ ಪದರಗಳಾಗಿಯೂ ವಿಂಗಡಿಸಿ, ಪ್ರತಿಯೊಂದು ಕೋಶದ ಗಾಳಿ, ಒತ್ತಡ, ಶಾಖ, ತೇವಗಳ ಈ ಕ್ಷಣದ ಬೆಲೆಯನ್ನು ತುಂಬಿ, ಭೌತಶಾಸ್ತ್ರದ ಸಮೀಕರಣಗಳಿಂದ ಕೆಲವು ನಿಮಿಷಗಳ ಮುಂದಿನ ಬೆಲೆಯನ್ನು ಕಂಡುಹಿಡಿಯುತ್ತ, ಅದನ್ನೇ ಮತ್ತೆ ಮತ್ತೆ ಮಾಡುತ್ತ ದಿನಗಳಾಚೆಗೆ ಸಾಗುವ ಕ್ರಮವಿದು. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಈ ಕಲ್ಪನೆಯನ್ನು 1950ರಲ್ಲಿ ಅಮೆರಿಕದ ಗಣಕಯಂತ್ರವೊಂದು ಮೊದಲು ನಡೆಸಿ ತೋರಿಸಿತು. ಭಾರತದಲ್ಲಿ 1988ರಲ್ಲಿ ಮಧ್ಯಮಾವಧಿ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಗಿ, ಮರುವರ್ಷ ದೆಹಲಿಗೆ ಕ್ರೇ ಮಹಾಗಣಕ ಬಂದಿತು. ಅಂತಹ ಯಂತ್ರಗಳ ಮಾರಾಟಕ್ಕೆ ಅಮೆರಿಕ ಒಡ್ಡುತ್ತಿದ್ದ ನಿರ್ಬಂಧಗಳ ನಡುವೆ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಿಂದ ‘ಫ್ಲೊಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಲಾಯಿತು. ಒಂದೇ ಲೆಕ್ಕವನ್ನು ಹಲವು ಸಂಸ್ಕಾರಕಗಳು ಹಂಚಿಕೊಂಡು ಮಾಡುವ ಆ ಯಂತ್ರದ ಮೇಲೆ ಟಿ-80 ಎಂಬ ಹವಾ ಮಾದರಿಯನ್ನು 1990ರ ದಶಕದಲ್ಲಿ ನಡೆಸಿ ತೋರಿಸಿದ್ದು ಕನ್ನಡನಾಡಿನ ವಿಜ್ಞಾನ ಚರಿತ್ರೆಯಲ್ಲಿ ಇನ್ನೂ ಹೆಚ್ಚು ನೆನೆಯಬೇಕಾದ ಸಂಗತಿ.

ಮಾದರಿಯ ಚೌಕದ ಅಳತೆ ಎಷ್ಟು ಮುಖ್ಯವೆಂಬುದನ್ನು ಯಾದಗಿರಿಯ ಭೂಪಟದ ಮೇಲೆಯೇ ನೋಡಬಹುದು. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ವಿಸ್ತೀರ್ಣ ಐದು ಸಾವಿರ ಚದರ ಕಿ.ಮೀ.ಗಿಂತ ತುಸು ಹೆಚ್ಚು. ಟಿ-80 ಮಾದರಿಯ ಚೌಕದ ಬದಿ ಸುಮಾರು 150 ಕಿ.ಮೀ. ಇದ್ದುದರಿಂದ ಅದರ ಒಂದೇ ಚೌಕದೊಳಗೆ ಇಂತಹ ನಾಲ್ಕು ಜಿಲ್ಲೆಗಳು ಅಡಗುತ್ತಿದ್ದವು. ಆ ಲೆಕ್ಕದಲ್ಲಿ ಸುರಪುರಕ್ಕೂ ಬೀದರಿಗೂ ಅಷ್ಟಾಗಿ ಭೇದವಿರಲಿಲ್ಲ. 2018ರ ವೇಳೆಗೆ ಚೌಕದ ಬದಿ 12 ಕಿ.ಮೀ.ಗೆ ಇಳಿದು ಜಿಲ್ಲೆಗೆ ಮೂವತ್ತಾರರಷ್ಟು ಚೌಕಗಳು ದಕ್ಕಿದವು; 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ, ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಸಿದ್ಧಪಡಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ 6 ಕಿ.ಮೀ. ಬದಿಯ ನೂರನಲವತ್ತಕ್ಕೂ ಹೆಚ್ಚು ಚೌಕಗಳಿವೆ. ಆರಂಭದ ಅಂಕಿಗಳಲ್ಲಿನ ಸಣ್ಣ ತಪ್ಪು ಕೆಲವೇ ದಿನಗಳಲ್ಲಿ ದೊಡ್ಡದಾಗಿ ಬೆಳೆಯುತ್ತದೆಂದು ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿಕೊಟ್ಟದ್ದರಿಂದ, ಈಗ ಅಂಕಿಗಳನ್ನು ಅಷ್ಟಿಷ್ಟು ಬದಲಿಸಿ ಒಂದೇ ಮಾದರಿಯನ್ನು ಹಲವು ಬಾರಿ ನಡೆಸುವ ರೂಢಿಯಿದೆ. ಹಾದಿಗಳೆಲ್ಲ ಒಟ್ಟಾಗಿ ಸಾಗಿದರೆ ನಂಬಿಕೆ ಹೆಚ್ಚು, ಬೀಸಣಿಗೆಯಂತೆ ಹರಡಿದರೆ ಕಡಿಮೆ. ಕುಸಿತದ ಹಾದಿ ಐವತ್ತು ಕಿ.ಮೀ. ಸರಿದರೂ ಮಳೆಯ ಫಲ ಬದಲಾಗುವ ಈ ಸೀಮೆಗೆ ಅಂತಹ ಸಂಭಾವ್ಯತೆಯ ಮುನ್ಸೂಚನೆಯೇ ಪ್ರಾಮಾಣಿಕವಾದದ್ದು. ಮುಂಗಾರಿನ ಕುಸಿತಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಕೇಂದ್ರದ ನೈಋತ್ಯ ಭಾಗದಲ್ಲಿ. ಕೇಂದ್ರವು ತೆಲಂಗಾಣದ ಮೇಲಿರುವಾಗ ಆ ಭಾಗದಲ್ಲಿ ಇರುವುದೇ ಯಾದಗಿರಿ ಮತ್ತು ರಾಯಚೂರು.

ಈ ಸಾಧನಗಳ ನಡುವೆಯೂ ಒಂದು ಕುರುಡು ವಲಯ ಉಳಿದಿದೆ. ಮೋಡದೊಳಗಿನ ಹನಿಗಳಿಗೆ ರೇಡಿಯೊ ಅಲೆ ಹಾಯಿಸಿ, ಮರಳಿದ ಅಲೆಯಿಂದ ಮಳೆಯ ತೀವ್ರತೆಯನ್ನೂ ಚಲನೆಯನ್ನೂ ಅಳೆಯುವ ಡಾಪ್ಲರ್ ರಾಡಾರ್ ಹೈದರಾಬಾದಿನಲ್ಲಿದೆ. ಅಲ್ಲಿಂದ ಯಾದಗಿರಿ ಸುಮಾರು 160 ಕಿ.ಮೀ., ಸುರಪುರ 200 ಕಿ.ಮೀ.ಗಿಂತ ತುಸು ಹೆಚ್ಚು ದೂರ. ರಾಡಾರ್ ಕಿರಣ ನೆಟ್ಟಗೆ ಸಾಗುತ್ತದೆ, ಭೂಮಿ ಬಾಗುತ್ತದೆ. ಆದ್ದರಿಂದ ಅದರ ಅತಿ ಕೆಳಗಿನ ಕಿರಣವೂ ಯಾದಗಿರಿಯ ಮೇಲೆ ಸುಮಾರು 3 ಕಿ.ಮೀ., ಸುರಪುರದ ಮೇಲೆ 4 ಕಿ.ಮೀ.ಗೂ ಮಿಕ್ಕ ಎತ್ತರದಲ್ಲಿ ಹಾಯುತ್ತದೆ. ಕೆಳಮಟ್ಟದ ಮೋಡಗಳಿಂದ ಬೀಳುವ ಮಳೆ ಆ ಕಿರಣಕ್ಕೆ ಸಿಕ್ಕುವುದೇ ಇಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ನೆಲದ ಮೇಲಿನ ಮಳೆಮಾಪಕಗಳು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಅಂಕಿ ಕಳುಹಿಸುವ ಮಾಪಕಗಳನ್ನು ಸ್ಥಾಪಿಸಿ, ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಪಡೆಯುವ ಜಾಲವನ್ನು ಕಟ್ಟಿದೆ. ದೇಶದ ಇತರ ರಾಜ್ಯಗಳು ಕಲಿಯಬೇಕಾದ ಕೆಲಸವಿದು.

ಇಂತಹ ಸಾಧನಗಳ ಪರೀಕ್ಷೆ ಎರಡು ಸಂದರ್ಭಗಳಲ್ಲಿ ನಡೆಯಿತು. 2009ರ ಮುಂಗಾರಿನಲ್ಲಿ ದೇಶದ ಮಳೆ ದೀರ್ಘಕಾಲದ ಸರಾಸರಿಯ ಶೇ. 78ರಷ್ಟೇ ಆಗಿ ಬರ ಘೋಷಣೆಯಾಗಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ, ಹಸ್ತ ಮಳೆ ಹೂಡಿದ ಬೆನ್ನಲ್ಲೇ, ಕೊಲ್ಲಿಯ ಕಡೆಯಿಂದ ಬಂದ ಕಡಿಮೆ ಒತ್ತಡದ ವ್ಯವಸ್ಥೆಯು ಉತ್ತರ ಕರ್ನಾಟಕದ ಮೇಲೆ ಸುರಿಸಿದ ಮಳೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಗೋಡೆಯ ಮನೆಗಳು ಸಾಲುಸಾಲಾಗಿ ಕುಸಿದವು. ಋತುವಿನ ಒಟ್ಟು ಲೆಕ್ಕ ಬರವನ್ನು ಹೇಳುತ್ತಿದ್ದ ವರ್ಷದಲ್ಲಿಯೇ ಒಂದು ವಾರದ ಮಳೆ ನೆರೆಯನ್ನು ತಂದಿತು; ಋತುವಿನ ಮುನ್ಸೂಚನೆ ಮತ್ತು ದಿನದ ಮುನ್ಸೂಚನೆ ಎರಡು ಬೇರೆ ವಿದ್ಯೆಗಳೆಂಬುದನ್ನು ಈ ಸೀಮೆ ಅಂದು ಬಹಳ ದೊಡ್ಡ ಬೆಲೆ ತೆತ್ತು ಕಂಡಿತು.

2020ರ ಅಕ್ಟೋಬರ್ 9ರಂದು ಉತ್ತರ ಅಂಡಮಾನ್ ಸಮುದ್ರದಲ್ಲಿ ಕಾಣಿಸಿಕೊಂಡ ಕಡಿಮೆ ಒತ್ತಡದ ಪ್ರದೇಶವು 11ರಂದು ವಾಯುಭಾರ ಕುಸಿತವಾಗಿ, 12ರಂದು ತೀವ್ರಗೊಂಡು, 13ರ ಮುಂಜಾನೆ ಕಾಕಿನಾಡದ ಬಳಿ ಕರಾವಳಿ ದಾಟಿತು. ಚಂಡಮಾರುತದ ಮಟ್ಟವನ್ನು ಅದು ಎಂದೂ ಮುಟ್ಟದ ಕಾರಣ ಅದಕ್ಕೆ ಹೆಸರನ್ನೂ ಇಟ್ಟಿರಲಿಲ್ಲ. ಹೈದರಾಬಾದಿನ ಬಡಾವಣೆಗಳನ್ನು ಮುಳುಗಿಸಿ, ತೆಲಂಗಾಣದಿಂದ ಕರ್ನಾಟಕದ ಉತ್ತರ ಒಳನಾಡಿಗೆ ಬಂದು, ಕಲಬುರಗಿ, ಯಾದಗಿರಿ, ವಿಜಯಪುರಗಳಲ್ಲಿ ಭಾರಿ ಮಳೆ ಸುರಿಸಿ, 14ರಂದು ದಕ್ಷಿಣ ಮಹಾರಾಷ್ಟ್ರದ ಮೇಲೆ ದುರ್ಬಲವಾದ ಅದು ಅರಬ್ಬೀ ಸಮುದ್ರಕ್ಕೆ ಇಳಿದು ಮತ್ತೆ ಚೇತರಿಸಿಕೊಂಡಿತು. ಅದು ಚಿತ್ತಿ ಮಳೆಯ ಮೊದಲ ವಾರ. ಹತ್ತಿ ಒಡೆಯುವ, ನಾರಾಯಣಪುರ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ತೆನೆಗಟ್ಟಿ ಬಾಗುವ, ತೊಗರಿ ಹೂವಿಗೆ ಸಿದ್ಧವಾಗುವ ಕಾಲ. ಆಕಾಶದ ಮಳೆ ನಿಂತ ಮೇಲೆ ಆಪತ್ತು ಎರಡನೆಯ ಬಾರಿ ನದಿಯಲ್ಲಿ ಬಂದಿತು. ಅದೇ ಕುಸಿತವು ಭೀಮೆಯ ಮೇಲ್ಭಾಗದ ಸೊಲ್ಲಾಪುರ ಸೀಮೆಯಲ್ಲಿ ಸುರಿಸಿದ ನೀರು, ಉಜನಿ ಮತ್ತಿತರ ಜಲಾಶಯಗಳಿಂದ ಬಿಟ್ಟ ನೀರಿನೊಂದಿಗೆ ಸೊನ್ನ ಬ್ಯಾರೇಜಿನ ಮೂಲಕ ಇಳಿದು, ಅಕ್ಟೋಬರ್ 18ರ ಆಸುಪಾಸಿನಲ್ಲಿ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ನದಿತೀರದ ಹಳ್ಳಿಗಳನ್ನು ಸುತ್ತುವರಿಯಿತು. ಆಕಾಶ ತಿಳಿಯಾದ ದಿನಗಳಲ್ಲಿ ನೆರೆ ಬರುವ ಈ ಕ್ರಮದಲ್ಲಿ ಹವಾ ಮುನ್ಸೂಚನೆಯೊಂದೇ ಸಾಲದು. ಎರಡು ರಾಜ್ಯಗಳ ಜಲಾಶಯಗಳ ಹೊರಹರಿವಿನ ಲೆಕ್ಕವೂ ಅದರೊಂದಿಗೆ ಬೆಸೆದುಕೊಳ್ಳಬೇಕು.

ಒಕ್ಕಲಿಗರಿಗೆ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನ ಸಲಹೆ ಹೊರಡುತ್ತದೆ. ಈ ಭಾಗಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಘಟಕ ಬಹುಕಾಲದಿಂದ ಆ ಕೆಲಸ ಮಾಡುತ್ತ ಬಂದಿದೆ. 2020ರ ಅಕ್ಟೋಬರ್ 9 ಶುಕ್ರವಾರ, 13 ಮಂಗಳವಾರ: ಕಡಿಮೆ ಒತ್ತಡ ಹುಟ್ಟಿದ ದಿನಕ್ಕೂ ಅದು ಕರಾವಳಿ ದಾಟಿದ ದಿನಕ್ಕೂ ನಡುವೆ ಈ ಸಲಹೆಯ ಒಂದು ಸರದಿಯಷ್ಟೇ ಅಂತರ. ಅರಳಿದ ಹತ್ತಿಯನ್ನು ಬಿಡಿಸಿಕೊಳ್ಳುವುದು, ಔಷಧಿ ಸಿಂಪಡಣೆಯನ್ನು ಮುಂದೂಡುವುದು, ನೀರು ನಿಲ್ಲುವ ಮಡಿಗಳಿಗೆ ಕಾಲುವೆ ತೆಗೆಯುವುದು ಎಲ್ಲವೂ ಆ ನಾಲ್ಕು ದಿನಗಳೊಳಗಿನ ಕೆಲಸ. ಅವುಗಳನ್ನು ನಡೆಸುವುದು ದಿನನಿತ್ಯದ ಎಚ್ಚರಿಕೆ, ವರುಣಮಿತ್ರ ಸಹಾಯವಾಣಿಯಂತಹ ದೂರವಾಣಿ ಸೇವೆ ಮತ್ತು ತಾಲ್ಲೂಕಿನ ಬೆಳೆಯನ್ನು ಬಲ್ಲ ಒಬ್ಬ ತಜ್ಞ. 2018ರ ನಂತರ ದೇಶದ ಅನೇಕ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದ ಜಿಲ್ಲಾ ಕೃಷಿ ಹವಾಮಾನ ಘಟಕಗಳು ಅಂತಹ ತಜ್ಞರನ್ನು ಜಿಲ್ಲೆಯ ಮಟ್ಟಕ್ಕೆ ತಂದಿದ್ದವು. ಮಾದರಿಯ ಚೌಕಗಳು ಕಿರಿದಾಗುತ್ತಿದ್ದ ಹೊತ್ತಿನಲ್ಲಿಯೇ, 2024ರಲ್ಲಿ, ಅವುಗಳನ್ನು ಮುಚ್ಚಲಾಯಿತು. ಭೀಮಾ ತೀರದ ರೈತನು ನದಿಯ ದಡದಿಂದ ಪಂಪ್‌ಸೆಟ್ಟನ್ನು ಯಾವ ದಿನ ಮೇಲಕ್ಕೆ ಸಾಗಿಸಬೇಕೆಂಬುದನ್ನು 6 ಕಿ.ಮೀ. ಚೌಕದ ಮಳೆಯ ಅಂಕಿಯಿಂದ ತಾನೇ ಲೆಕ್ಕ ಹಾಕಲಾರನು. ಸೊಲ್ಲಾಪುರದ ಮಳೆ, ಉಜನಿಯ ಹೊರಹರಿವು, ಸೊನ್ನದ ಗೇಟುಗಳ ಸ್ಥಿತಿಗಳನ್ನು ಒಟ್ಟಿಗೆ ಓದಿ ಅವನ ಊರಿನ ಹೆಸರು ಹಿಡಿದು ಹೇಳಬಲ್ಲವರು ಜಿಲ್ಲೆಯಲ್ಲಿಯೇ ಇರಬೇಕು.